ಗಾಳಿಪಟದ ಕಾಗದದ ಕ್ರ್ಯಾಕರ್

ಕ್ರ್ಯಾಕರ್ ಎಂದರೆ ಇಲ್ಲಿ ದೀಪಾವಳಿಯ ಪಟಾಕಿಯಲ್ಲ. ಕ್ರಿಸ್‌ಮಸ್ ಊಟಕ್ಕೆ ಕೂರುವಾಗ ತಟ್ಟೆಯ ಪಕ್ಕದಲ್ಲಿ ಇಡುವ ಕಾಗದದ ಕೊಳವೆ. ಎರಡೂ ತುದಿಯನ್ನು ಚಾಕಲೇಟಿನ ಹಾಗೆ ತಿರುಚಿ ಕಟ್ಟಿರುತ್ತಾರೆ. ಇಬ್ಬರು ಒಂದೊಂದು ತುದಿ ಹಿಡಿದು ಎಳೆದರೆ ‘ಠಪ್’ ಎಂದು ಹರಿಯುತ್ತದೆ, ಒಳಗಿನಿಂದ ಕಾಗದದ ಕಿರೀಟ, ಮಿಠಾಯಿ, ಒಂದು ಚೀಟಿ ಬೀಳುತ್ತವೆ. ಮದುವೆಯಾಗುವ ತನಕ ನಾನೂ ಅದನ್ನು ನೋಡಿರಲಿಲ್ಲ. ನಾನು ಉಡುಪಿ ಕಡೆಯವನು, ಮುಂಬೈಯ ಚೆಂಬೂರಿನ ಒಂದು ಹೋಟೆಲಿನಲ್ಲಿ ಪಾರ್ಸೆಲ್ ಕಟ್ಟುವವನು. ನನ್ನ ಹೆಂಡತಿ ಅಲ್ಲಿನದೇ ಬೈಕುಲ್ಲಾದ ಚಾಳಿನ ಸಾಲುಮನೆಯಲ್ಲಿ ಬೆಳೆದ ಮಂಗಳೂರಿನ ಕ್ರಿಶ್ಚಿಯನ್ ಹುಡುಗಿ.

ಅಂಗಡಿಯ ಕ್ರ್ಯಾಕರಿನ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಅವಳು ಮನೆಯಲ್ಲೇ ಮಾಡುತ್ತಿದ್ದಳು. ಕೊಳವೆಗೆ ಹಳೆಯ ಕ್ಯಾಲೆಂಡರ್. ಮೇಲೆ ಸುತ್ತಲು ಗಾಳಿಪಟದ ಕಾಗದ. ಸಂಕ್ರಾಂತಿಗೆಂದು ಡಿಸೆಂಬರಿನಲ್ಲೇ ಮಾರ್ಕೆಟ್ಟಿಗೆ ಬಂದಿರುತ್ತದೆ. ಕಟ್ಟಲು ನಮ್ಮ ಹೋಟೆಲಿನ ಪಾರ್ಸೆಲ್ ನೂಲು. ಸದ್ದಿಗೆ, ದೀಪಾವಳಿಯಲ್ಲಿ ಮಗಳ ಆಟದ ಪಿಸ್ತೂಲಿಗೆ ತಂದು ಉಳಿದ ಕೇಪು. ಎರಡು ರಟ್ಟಿನ ಪಟ್ಟಿಗಳ ನಡುವೆ ಕೇಪು, ಅದಕ್ಕೆ ಉಜ್ಜುವಂತೆ ಉಪ್ಪುಕಾಗದದ ಚೂರು. ಹತ್ತರಲ್ಲಿ ಐದು ಠುಸ್ ಆಗುತ್ತಿದ್ದವು. ಚೀಟಿಯಲ್ಲಿ ಜೋಕು ಇರಬೇಕಂತೆ, ಅವಳು ಮಾತ್ರ ‘ಇವತ್ತು ಪಾತ್ರೆ ತೊಳೆಯುವವರು ನೀವು’ ಎಂದು ಬರೆಯುತ್ತಿದ್ದಳು. ಅದು ಪ್ರತಿ ವರ್ಷ ಹೇಗೋ ನನ್ನ ಕೈಗೇ ಬರುತ್ತಿತ್ತು.

ತುದಿ ಕಟ್ಟುವುದು ನನ್ನ ಕೆಲಸ. ನೂಲನ್ನು ಎರಡು ಸುತ್ತು ಸುತ್ತಿ, ಗಂಟು ಹಾಕದೆ ಸಿಕ್ಕಿಸಿ, ಚಕ್ಕನೆ ತುಂಡರಿಸುತ್ತಿದ್ದೆ. “ಒಳಗೆ ಚಟ್ನಿ ಉಂಟಾ ಹೇಗೆ?” ಎಂದು ಅವಳು ಮಗಳ ಎದುರು ನನ್ನನ್ನು ಕಿಚಾಯಿಸುತ್ತಿದ್ದಳು.

ಹೋದ ವರ್ಷ ಮಳೆಗಾಲದಲ್ಲಿ ಅವಳು ತೀರಿಕೊಂಡಳು. ಜ್ವರವೆಂದು ಆಸ್ಪತ್ರೆಗೆ ಸೇರಿಸಿದ್ದೆವು. ಆರನೇ ದಿನ ಮನೆಗೆ ಮರಳಿದ್ದು ನಾನು, ಮಗಳು ಇಬ್ಬರೇ. ಮಗಳಿಗೆ ಆಗ ಹನ್ನೊಂದು ವರ್ಷ.

ನಮ್ಮಲ್ಲಿ ಸಾವಾದ ಮನೆಗೆ ವರ್ಷ ಕಳೆಯುವ ತನಕ ಹಬ್ಬವಿಲ್ಲ. ಊರಿನ ನನ್ನವರು ಅವಳನ್ನು ಸೊಸೆಯೆಂದು ಒಪ್ಪಿಕೊಂಡದ್ದು ಅರೆಮನಸ್ಸಿನಿಂದ. ಬದುಕಿದ್ದಾಗ ಸಿಗದ ಮರ್ಯಾದೆ ಸತ್ತ ಮೇಲಾದರೂ ಸಿಗಲಿ, ನಮ್ಮ ಮನೆಯ ಯಾವ ಹೆಂಗಸಿಗೂ ಕಡಿಮೆಯಿಲ್ಲದಂತೆ ಅವಳಿಗೂ ಒಂದು ವರ್ಷ ಹಬ್ಬ ಬಿಡುತ್ತೇನೆ ಎಂದುಕೊಂಡೆ. ಹಟಕ್ಕೆ ಬಿದ್ದರೆ ಬ್ರಹ್ಮ ಬಂದು ಹೇಳಿದರೂ ಕೇಳುವವನಲ್ಲ ನಾನು. ಚೌತಿ ಮಾಡಲಿಲ್ಲ. ದೀಪಾವಳಿಗೆ ಬಾಗಿಲಲ್ಲಿ ಒಂದು ಹಣತೆಯನ್ನೂ ಇಡಲಿಲ್ಲ.

ಡಿಸೆಂಬರಿನಲ್ಲಿ ಒಂದು ಸಂಜೆ ಮಗಳು ಕೇಳಿದಳು. ಅವಳ ಕನ್ನಡ ಅಷ್ಟಕ್ಕಷ್ಟೇ, ನಡುನಡುವೆ ಹಿಂದಿ.

“ಪಪ್ಪಾ, ಕ್ರ್ಯಾಕರ್ಸ್ ಯಾವಾಗ ಮಾಡೋದು? ಮಾರ್ಕೆಟ್‌ನಲ್ಲಿ ಪತಂಗ್ ಪೇಪರ್ ಆ ಗಯಾ.”

“ಈ ವರ್ಷ ನಮಗೆ ಹಬ್ಬ ಇಲ್ಲ ಮಗಾ.”

“ಲೇಕಿನ್ ಇದು ಮಮ್ಮಿಯ ಹಬ್ಬ.”

ಆ ಮಾತಿಗೆ ನನಗೆ ಸಿಟ್ಟು ಬಂತು. “ಸತ್ತ ಮನೆಯಲ್ಲಿ ಯಾರಾದ್ರೂ ಠಪ್ ಠಪ್ ಅಂತ ಸದ್ದು ಮಾಡ್ತಾರಾ? ಪಕ್ಕದವರು ಕೇಳಿದ್ರೆ ಎಂತ ಹೇಳಿಯಾರು?” ಎಂದು ರೇಗಿದೆ. ಅವಳು ಮತ್ತೆ ಆ ವಿಷಯ ಎತ್ತಲಿಲ್ಲ. ಹುಡುಗಿಗೆ ಅರ್ಥವಾಯಿತು ಎಂದು ನಾನೂ ಸುಮ್ಮನಾದೆ.

ಕ್ರಿಸ್‌ಮಸ್ ದಿನ ಹೆಂಡತಿಯ ಅಕ್ಕ ಬಂದು ಮಗಳನ್ನು ಇಗರ್ಜಿಗೆ ಕರೆದುಕೊಂಡು ಹೋದಳು. ನಾನು ರಜೆ ಹಾಕಬಹುದಿತ್ತು, ಹಾಕದೆ ಹೋಟೆಲಿಗೆ ಹೋದೆ. ಮಧ್ಯಾಹ್ನ ಮೂರಕ್ಕೆ ಮನೆಗೆ ಬಂದರೆ ಮಗಳು ಊಟ ಮಾಡದೆ ಕಾಯುತ್ತಿದ್ದಳು. ದೊಡ್ಡಮ್ಮ ಕೊಟ್ಟು ಹೋದ ಊಟವನ್ನು ಎರಡು ತಟ್ಟೆಗಳಲ್ಲಿ ಬಡಿಸಿಟ್ಟಿದ್ದಳು. ತಟ್ಟೆಗಳ ನಡುವೆ ಒಂದೇ ಒಂದು ಕ್ರ್ಯಾಕರ್. ಕೆಂಪಿಲ್ಲ, ಹಸಿರಿಲ್ಲ, ಬರಿಯ ಬಿಳಿ ಕಾಗದ. ತುದಿಗಳಲ್ಲಿ ಗಂಟಿನ ಮೇಲೆ ಗಂಟು. ಕಟ್ಟುವುದನ್ನು ನಾನು ಅವಳಿಗೆ ಕಲಿಸಿಯೇ ಇರಲಿಲ್ಲ.

ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿಬಿಟ್ಟಳು. “ಕೇಪ್ ಹಾಕಿಲ್ಲ ಪಪ್ಪಾ. ಸದ್ದು ಬರಲ್ಲ. ಪ್ರಾಮಿಸ್.”

ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. ತಾಯಿಯ ಹಬ್ಬ ಮಾಡುವುದಕ್ಕೆ ಮಗು ನನ್ನ ಮುಂದೆ ಜಾಮೀನು ಕೊಡುತ್ತಿತ್ತು. ಹೆಂಡತಿಗೆ ಮರ್ಯಾದೆ ಮಾಡುತ್ತೇನೆಂದು ಹೊರಟವನು ಅವಳದೇ ಹಬ್ಬವನ್ನು ಅವಳ ಮಗಳಿಂದ ಕಿತ್ತುಕೊಂಡಿದ್ದೆ.

ಕೈ ತೊಳೆದು ಬಂದು ಅವಳೆದುರು ಕುಳಿತೆ. ಇಬ್ಬರೂ ಒಂದೊಂದು ತುದಿ ಹಿಡಿದು ಎಳೆದೆವು. ಬಿಳಿ ಕಾಗದ ಸುಮ್ಮನೆ ಹರಿದು, ಎರಡು ಮಿಠಾಯಿ ತಟ್ಟೆಯ ಪಕ್ಕ ಬಿದ್ದವು. ನನಗೆ ತಡೆಯಲಾಗಲಿಲ್ಲ. “ಠಪ್!” ಎಂದು ಬಾಯಲ್ಲೇ ಗಟ್ಟಿಯಾಗಿ ಕೂಗಿದೆ. ನಗುತ್ತಾಳೆ ಎಂದುಕೊಂಡಿದ್ದೆ.

ಅವಳು ಬೆಚ್ಚಿ ಎದ್ದುಹೋಗಿ, ತೆರೆದಿದ್ದ ಬಾಗಿಲನ್ನು ಮೆಲ್ಲಗೆ ಮುಚ್ಚಿ ಬಂದಳು.

“ಧೀರೇ, ಮೆಲ್ಲಗೆ ಪಪ್ಪಾ,” ಎಂದಳು. “ಪಕ್ಕದವರು ಕೇಳ್ತಾರೆ.”