ಚಿಗವ್ವ ಹೇಳಿದ ಎರಡನೆಯ ಮಾತು

ಹೋದ ವಾರ ಅಂಚೆಯಲ್ಲಿ ಒಂದು ಪುಸ್ತಕ ಬಂತು. ಹೊಸ ರಟ್ಟು, ಇನ್ನೂ ಪೂರ್ತಿ ಆರದ ಮೈದಾ ಅಂಟಿನ ವಾಸನೆ. ಆ ವಾಸನೆಗೆ ಬನಹಟ್ಟಿಯ ನಮ್ಮ ಓಣಿ ನೆನಪಾಯಿತು. ಆಗೆಲ್ಲ ಅಲ್ಲಿ ಬೆಳಗಾದರೆ ಗಂಜಿಯ ವಾಸನೆ. ಮಗ್ಗಕ್ಕೆ ಏರಿಸುವ ಮೊದಲು ಹಾಸಿನ ನೂಲನ್ನು ಓಣಿಯುದ್ದಕ್ಕೂ ಎಳೆದು ಕಟ್ಟಿ ಗಂಜಿ ಬಳಿಯುತ್ತಿದ್ದರು. ಒಬ್ಬರಿಂದ ಆಗುವ ಕೆಲಸವಲ್ಲ ಅದು. ಯಾರದೇ ಹಾಸಿರಲಿ, ಎಲ್ಲ ಮನೆಯವರೂ ಬಂದು ಕೈಹಚ್ಚುತ್ತಿದ್ದರು, ಕರೆಯಬೇಕಾಗಿರಲಿಲ್ಲ.

ಪುಸ್ತಕದ ಹಿಂದಿನ ರಟ್ಟಿನ ಮೇಲೆ ನಮ್ಮ ಎದುರುಮನೆಯ ಚಿಗವ್ವನ ಮಾತಿತ್ತು. ಅರ್ಧ ಮಾತು. ಮುಂದಿನ ರಟ್ಟಿನ ಮೇಲೆ ಲೇಖಕ ಎಂದು ನನ್ನ ಹೆಸರು. ಪುಸ್ತಕವನ್ನು ಗೋಡೆಗೆ ಬೀಸಿ ಒಗೆದೆ. ಈ ವಯಸ್ಸಿಗೆ ಒಪ್ಪುವ ಕೆಲಸವಲ್ಲ, ಆದರೂ ಒಗೆದೆ.

ಚಿಗವ್ವ ನನಗೆ ಸ್ವಂತ ಚಿಕ್ಕಮ್ಮನಲ್ಲ. ಗಂಡ ಸತ್ತ ಮೇಲೆ ಒಬ್ಬಳೇ ಸೀರೆ ನೇಯ್ದು ಬದುಕಿದವಳು. ನಾನು ಜಮಖಂಡಿಯಲ್ಲಿ ಕಾಲೇಜು ಮಾಸ್ತರನಾದ ಮೇಲೂ ಆಕೆಗೆ ನಾನು ಎದುರುಮನೆಯ ಹುಡುಗನೇ. ಓದು ಬರಹ ಬರುತ್ತಿರಲಿಲ್ಲ. ಆದರೆ ಆಕೆಯ ಕಣ್ಣು ತಪ್ಪಿಸಿ ಒಂದು ಎಳೆಯೂ ಹೋಗುತ್ತಿರಲಿಲ್ಲ, ಒಂದು ಮಾತೂ ಕೂಡ…

ನೇಕಾರರಿಗೆ ನೂಲು ಹಂಚುವ ಸಂಘಕ್ಕೆ ಬಹಳ ವರ್ಷ ಅಧ್ಯಕ್ಷರಾಗಿ, ಆಮೇಲೆ ರಾಜಕೀಯದಲ್ಲಿ ದೊಡ್ಡವರಾದ ಒಬ್ಬರ ಜೀವನಚರಿತ್ರೆ ಬರೆಯಲು ಅಭಿನಂದನ ಸಮಿತಿಯವರು ಎಷ್ಟೋ ವರ್ಷಗಳ ಹಿಂದೆ, ಚಿಗವ್ವ ಇನ್ನೂ ನೇಯುತ್ತಿದ್ದಾಗ, ನನ್ನನ್ನು ಕೇಳಿದ್ದರು. ಹಿಗ್ಗಿ ಹೀರೇಕಾಯಿಯಾದೆ. ನೋಟುಬುಕ್ಕು ಹಿಡಿದು ಮುಧೋಳ, ಬೀಳಗಿ, ರಬಕವಿ ಎಂದು ಬಸ್ಸು ಹತ್ತಿಳಿದು, ಅವರನ್ನು ಬಲ್ಲವರ ಮಾತು ಬರೆದುಕೊಂಡೆ. ಚಿಗವ್ವನ ಮಾತನ್ನೂ ಬರೆದುಕೊಂಡೆ. ಲಾಳಿ ನಿಲ್ಲಿಸಿ ಆಕೆ ಹೇಳಿದ್ದು ಇಷ್ಟು:

"ನನ್ನ ಗಂಡ ಸತ್ತಾಗ ಅಧ್ಯಕ್ಷರು ಮನೀತನಕ ಬಂದು ನೂಲು ಕೊಟ್ರು, ನನ್ನ ಮಗ್ಗ ನಿಲ್ಲಲಿಲ್ಲ. ಅದ ಅಧ್ಯಕ್ಷರ, ತಮಗ ಎದುರಾಡಿದ್ರು ಅಂತ ನಮ್ಮ ಓಣಿ ಮಂದಿಗೆ ನೂಲು ಬಂದ್ ಮಾಡಿದ್ರು, ಅವರ ಮಗ್ಗ ನಿಂತ್ವು. ಎರಡೂ ನಾ ಕಣ್ಣಾರೆ ಕಂಡೇನಿ."

ಬರೆದದ್ದನ್ನು ಓದಿಸಿದಳು. "ಇನ್ನೊಮ್ಮೆ ಓದು" ಎಂದಳು. ಮತ್ತೆ ಓದಿದೆ. ಕೊನೆಗೆ, "ಎರಡೂ ಹಾಕಬೇಕ ನೋಡ್ಲೇ ತಮ್ಮಾ. ಒಂದ ಹಾಕಿದಿ ಅಂದ್ರ ಎರಡೂ ಸುಳ್ಳ ಆಗತಾವ" ಎಂದಳು. ನಾನು ದೊಡ್ಡದಾಗಿ ತಲೆಯಾಡಿಸಿದೆ.

ಅಚ್ಚಿಗೆ ಹೋಗುವ ಮುಂಚೆ ಸಮಿತಿಯ ಕಾರ್ಯದರ್ಶಿ ಕರಡಿನಲ್ಲಿ ಎರಡನೆಯ ಮಾತಿನ ಮೇಲೆ ಕೆಂಪು ಗೀಟು ಎಳೆದಿದ್ದ. ನಾನು ಕೇಳದೆ ಇರಲಿಲ್ಲ. "ಆ ಹೆಣ್ಮಗಳು ಹೇಳಿದ್ದ ಹಾಕೇವಲ್ಲರಿ ಸರ, ಒಂದಕ್ಷರ ನಮ್ಮದಲ್ಲ" ಎಂದ. ನಿಜ, ಒಂದಕ್ಷರವೂ ಸುಳ್ಳಿರಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದುಕೊಂಡು ಕರಡಿಗೆ ಸಹಿ ಹಾಕಿದೆ. ಕೋಲು ನನ್ನದು, ಮುರಿಯಲಿಲ್ಲ.

ಇಲ್ಲದ ಮಾತು ಹುಟ್ಟಿಸಿ ಬರೆಯುವವನು ಒಂದಿಲ್ಲೊಂದು ದಿನ ಸಿಕ್ಕಿಬೀಳುತ್ತಾನೆ. ಖರೆ ಮಾತನ್ನು ಅರ್ಧಕ್ಕೆ ಕತ್ತರಿಸಿ, ಕೆಳಗೆ ಹೇಳಿದವರ ಹೆಸರು ಹಾಕುವವನಿಗೆ ಶಾಲು ಹೊದಿಸುತ್ತಾರೆ. ನನಗೂ ಹೊದಿಸಿದರು. ಸಮಾರಂಭದಲ್ಲಿ ಚಿಗವ್ವನ ಮಾತನ್ನು ಮೈಕಿನಲ್ಲಿ ಓದಿದಾಗ ಬಿದ್ದ ಚಪ್ಪಾಳೆ ನೆನೆದರೆ ಈಗಲೂ ಮೈ ಉರಿಯುತ್ತದೆ.

ಹತ್ತು ದಿನ ಕಳೆದು ಒಂದು ಭಾನುವಾರ ಊರಿಗೆ ಹೋದೆ. ಚಿಗವ್ವ ಓಣಿಯಲ್ಲಿ ಹಾಸು ಎಳೆದು ಕಟ್ಟಿ, ಗಂಜಿಯ ಪಾತ್ರೆ ಇಟ್ಟುಕೊಂಡು ನಿಂತಿದ್ದಳು. ಒಂದು ಬಾಗಿಲಿನಿಂದಲೂ ಯಾರೂ ಹೊರಗೆ ಬಂದಿರಲಿಲ್ಲ. ನೂಲು ಸಿಗದೆ ಮಗ್ಗ ಕಳೆದುಕೊಂಡವರ ಓಣಿ ಅದು. ನೂಲಿನ ಆಸೆಗೆ ಇವಳು ಅಧ್ಯಕ್ಷರನ್ನು ಹೊಗಳಿದಳು ಎಂದು ಎಲ್ಲರೂ ಮುನಿದಿದ್ದರು. "ನಾ ಎರಡೂ ಹೇಳೇನಿ" ಎಂದು ಆಕೆ ಮನೆಮನೆಗೆ ಹೋಗಿ ಹೇಳಿಬಂದಿದ್ದಳಂತೆ. ಅಚ್ಚಾದ ಪುಸ್ತಕದ ಮುಂದೆ ಬಾಯಿಮಾತನ್ನು ಯಾರು ನಂಬುತ್ತಾರೆ?

ನಾನೊಬ್ಬ ಓಡಿಹೋಗಿ ಕೈಹಚ್ಚಿದೆ. ಇಬ್ಬರಿಂದ ಎಲ್ಲಿ ಆಗುತ್ತದೆ… ಈ ತುದಿಯಿಂದ ಆ ತುದಿಗೆ ಹೋಗುವುದರಲ್ಲಿ ಬಿಸಿಲಿಗೆ ಗಂಜಿ ಒಣಗಿ ಎಳೆಗಳು ಒಂದಕ್ಕೊಂದು ಅಂಟಿಕೊಂಡವು. ಇಡೀ ಹಾಸು ಕೆಟ್ಟಿತು.

ಚಿಗವ್ವ ಅಳಲಿಲ್ಲ, ಬೈಯಲಿಲ್ಲ. "ನಿನ್ನ ವಹಿ ತಂದಿ ಏನು? ಇಲ್ಲೇ ನಿಂತು ಗಟ್ಟಿಯಾಗಿ ಓದು. ಮಂದಿ ಕೇಳಲಿ" ಎಂದಳು.

ಸುತ್ತಲಿನ ಬಾಗಿಲುಗಳ ಸಂದಿನಲ್ಲಿ ಮುಖಗಳಿದ್ದವು. ಸುದ್ದಿ ಅಧ್ಯಕ್ಷರ ಕಿವಿಗೆ ಬೀಳುತ್ತದೆ ಎಂದು ನನಗೆ ಹೆದರಿಕೆ. ನೋಟುಬುಕ್ಕು ಜಮಖಂಡಿಯಲ್ಲಿದೆ ಎಂದೆ. ಸುಳ್ಳು, ಹೆಗಲಿನ ಚೀಲದಲ್ಲಿಯೇ ಇತ್ತು. ಎರಡನೇ ಮುದ್ರಣದಲ್ಲಿ ಸರಿ ಮಾಡುತ್ತೇನೆ ಎಂದೆ.

"ಓಣಿ ಮಂದಿ ಎರಡನೇ ಮುದ್ರಣದ ಹಾದಿ ಕಾಯ್ತಾರೇನಲೇ?" ಎಂದವಳೇ ಗಂಜಿಯನ್ನು ಗಟಾರಕ್ಕೆ ಚೆಲ್ಲಿ ಒಳಗೆ ಹೋದಳು.

ಆ ವರ್ಷವೇ ಮಗ್ಗ ಮಾರಿದಳು. ಅಧ್ಯಕ್ಷರು ನಿಲ್ಲಿಸದ ಮಗ್ಗವನ್ನು ನನ್ನ ಪುಸ್ತಕ ನಿಲ್ಲಿಸಿತು. ಕಣ್ಣು ಮಂಜಾಗುವ ತನಕ ಯಾರದೋ ಪವರ್‌ಲೂಮ್ ಶೆಡ್ಡಿನಲ್ಲಿ ನೂಲು ಸುತ್ತುತ್ತಿದ್ದಳು. ಕಂಡರೆ ಮಾತಾಡಿಸುತ್ತಿದ್ದಳು, ಚಹಾ ಕುಡಿಸುತ್ತಿದ್ದಳು. ಪುಸ್ತಕದ ಸುದ್ದಿ ಮತ್ತೆ ಎತ್ತಲಿಲ್ಲ… ಎತ್ತಿ ಎರಡು ಬೈದಿದ್ದರೆ ನನಗೆ ನಿದ್ದೆಯಾದರೂ ಬರುತ್ತಿತ್ತು.

ಹೋದ ವಾರ ಅಂಚೆಯಲ್ಲಿ ಬಂದದ್ದು ಅದರ ಎರಡನೇ ಮುದ್ರಣ, ನನ್ನನ್ನು ಒಂದು ಮಾತೂ ಕೇಳದೆ, ಅದೇ ಅರ್ಧ ಮಾತಿನೊಂದಿಗೆ. ಅದೇ ಕಾರ್ಯದರ್ಶಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. "ಅಧ್ಯಕ್ಷರೂ ಹೋದ್ರು, ಆ ಹೆಣ್ಮಗಳೂ ಹೋದ್ಳು. ಈಗ ಯಾರ ಕೇಳತಾರ್ರಿ ಸರ?" ಎಂದು ನಕ್ಕ.

ಮರುದಿನ ಹಳೆಯ ನೋಟುಬುಕ್ಕು ಹುಡುಕಿ ಬನಹಟ್ಟಿಗೆ ಹೋದೆ. ಓಣಿಯಲ್ಲಿ ಈಗ ಗಂಜಿಯ ವಾಸನೆಯಿಲ್ಲ, ಪವರ್‌ಲೂಮ್‌ಗಳ ಸದ್ದು. ಚಿಗವ್ವನ ಮನೆಯ ಜಾಗದಲ್ಲಿ ಬೇರೆ ಯಾರದೋ ಮನೆ. ಪಕ್ಕದ ಕಟ್ಟೆಯ ಮೇಲೆ ಒಬ್ಬ ಮುದುಕ ಕುಳಿತಿದ್ದ. ಗುರುತು ಹತ್ತಿತು. ನೂಲು ಸಿಗದೆ ಮಗ್ಗ ನಿಲ್ಲಿಸಿದವನು, ಆ ಭಾನುವಾರ ಬಾಗಿಲ ಸಂದಿನಲ್ಲಿ ನಿಂತು ನೋಡಿದವನು. ಅವನ ಮುಂದೆ ನಿಂತು ಚಿಗವ್ವನ ಮಾತನ್ನು ಪೂರ್ತಿ ಓದಿದೆ. ಸದ್ದಿನಲ್ಲಿ ಕೇಳಿಸಲಿಲ್ಲವೇನೋ, ಕಿವಿಗೆ ಕೈಯಿಟ್ಟು, ಇನ್ನೊಮ್ಮೆ ಓದ್ರಿ ಎಂದ. ಕೂಗಿ ಓದಿದೆ.

ಕಿವಿಯಿಂದ ಕೈ ತೆಗೆದ. ಆಮೇಲೆ ಎಂದ, "ಇದನ್ನ ಅವತ್ತ ಓದಬೇಕಿತ್ತರಿ ಮಾಸ್ತರ. ಎದ್ದು ಬಂದು ಆಕಿ ಹಾಸಿನ ಗಂಜಿಗೆ ಕೈಹಚ್ಚತಿದ್ದೆ."