ಕೇಳದೆ ಕೊಟ್ಟ ವಿಷಯ

ಪಿಎಚ್.ಡಿ. ಸಂದರ್ಶನಕ್ಕೆ ಕೊಪ್ಪದಿಂದ ಹೊರಟ ಬಸ್ಸಿನಲ್ಲಿ ನಾವಿಬ್ಬರಿದ್ದೆವು. ಎಂ.ಎ.ಯಲ್ಲಿ ನನ್ನ ಜೊತೆ ಓದಿದ ಗೆಳತಿ ಶೆಟ್ಟಿಕೊಪ್ಪದ ತೋಟದವರ ಮನೆಯವಳು. ನಾನು ಮೆಣಸೆಯವಳು, ಅಮ್ಮ ಕಂಡವರ ಮನೆಯ ಪಾತ್ರೆ ತೊಳೆದು, ತೋಟದ ಕೂಲಿಗೆ ಹೋಗಿ ನನ್ನನ್ನು ಓದಿಸಿದವಳು. ಇಬ್ಬರಿಗೂ ಯುರೋಪಿನ ಇತಿಹಾಸವೇ ಬೇಕಿತ್ತು. ಅವಳಿಗೆ ಅಲ್ಲಿನ ಶ್ರೀಮಂತರ ಉದ್ಯಾನಗಳ ಮೇಲೆ ಆಸೆ, ನನಗೆ ಅದೇ ಶ್ರೀಮಂತರ ಮನೆಗೆಲಸದ ಹುಡುಗಿಯರ ಮೇಲೆ.

ಈ ಹುಚ್ಚು ಹಿಡಿದದ್ದು ತರಗತಿಯಲ್ಲಿ. ಅಲ್ಲಿನ ದೊಡ್ಡ ಮನೆಗಳಲ್ಲಿ ಕೆಲಸದವರಿಗೇ ಬೇರೆ ಮೆಟ್ಟಿಲು ಇರುತ್ತಿತ್ತು ಎಂದು ಪಾಠದಲ್ಲಿ ಒಂದೇ ಒಂದು ಸಾಲು ಬಂತು. ಮೇಷ್ಟ್ರು ಮುಂದಿನ ಯುದ್ಧಕ್ಕೆ ಹಾರಿದರು, ನಾನು ಆ ಮೆಟ್ಟಿಲಲ್ಲೇ ಉಳಿದೆ. ಆಮೇಲೆ ಆ ಹುಡುಗಿಯರು ಎಲ್ಲಿ ಹೋದರು? ಕಾರ್ಖಾನೆಗೋ, ಕಚೇರಿಗೋ? ಇನ್ನು ನಿಮ್ಮ ಮುಸುರೆ ತಿಕ್ಕುವುದಿಲ್ಲ ಎಂದ ದಿನ ಯಜಮಾನಿ ಏನೆಂದಳು? ಕೋರ್ಟಿನಲ್ಲಿ ಅವರು ಕೊಟ್ಟ ಹೇಳಿಕೆಗಳು, ಪತ್ರಿಕೆಯಲ್ಲಿ ಬಂದ 'ಕೆಲಸಕ್ಕೆ ಬೇಕಾಗಿದ್ದಾರೆ' ಜಾಹೀರಾತುಗಳು, ಮುದುಕಿಯರಾದ ಮೇಲೆ ಹೇಳಿ ಬರೆಸಿದ ನೆನಪುಗಳು ಈಗ ಕೂತಲ್ಲೇ ಇಂಟರ್ನೆಟ್ಟಿನಲ್ಲಿ ಸಿಗುತ್ತವೆ. ಸಿಕ್ಕಷ್ಟನ್ನೂ ಓದಿಕೊಂಡೇ ಹೋಗಿದ್ದೆ.

ಗೆಳತಿಯನ್ನು ಮೊದಲು ಕರೆದರು. ಹೊರಬಂದವಳ ಮುಖ ಅರಳಿತ್ತು. "ಯಾವ ದೇಶ, ಯಾವ ಕಾಲ ಅಂತ ಕೇಳಿದ್ರು ಕಣೇ. ಅಷ್ಟೇ."

ನನ್ನ ಸರದಿ ಬಂತು. ನಮ್ಮ ಕಡೆಯವರೇ ಆದ ಹಿರಿಯ ಪ್ರಾಧ್ಯಾಪಕರು ಊರು ಕೇಳಿದರು, ಅಮ್ಮನ ಕೆಲಸ ಕೇಳಿದರು. ಹೇಳಿದೆ. ಅವರ ಮುಖದಲ್ಲಿ ಕರುಣೆ ಉಕ್ಕಿತು. ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ, ಆ ಕರುಣೆಯನ್ನು ತಡೆಯಲಾಗಲಿಲ್ಲ.

"ಯುರೋಪು ಎಂತಕ್ಕೆ ಮಾರಾಯ್ತಿ ನಿಂಗೆ? ತೋಟದ ಕೆಲಸದ ಹೆಂಗಸರ ಮೇಲೆ ಮಾಡು. ಮಾಹಿತಿ ಎಲ್ಲ ಮನೇಲೇ ಇದೆಯಲ್ಲ. ಹಿತ್ತಲ ಗಿಡ ಮದ್ದಲ್ಲ ಅಂದ್ಕೊಂಡಿದೀಯಾ? ಇದಾದ್ರೆ ಇವತ್ತೇ ಸೀಟು."

"ಅಮ್ಮನ್ನ ದಿನಾ ನೋಡ್ತೀನಿ ಸರ್. ನಂಗೆ ಗೊತ್ತಿಲ್ಲದ್ದನ್ನ ತಿಳ್ಕೊಳಕ್ಕೆ ಬಂದಿದೀನಿ."

ಮೇಜಿನಾಚೆ ಅವರ ಜೊತೆ ಕೂತಿದ್ದವರೆಲ್ಲ ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು. ಆಧಾರ ಸಾಲದು ಎನ್ನಲಿ, ಫ್ರೆಂಚ್ ಬರುತ್ತದೆಯೇ ಎಂದು ಕೇಳಲಿ, ತಲೆ ತಗ್ಗಿಸಿ ಒಪ್ಪುತ್ತಿದ್ದೆ. ನನ್ನ ವಿಷಯದ ಮೇಲೆ ಒಂದೇ ಒಂದು ಪ್ರಶ್ನೆ ಬರಲಿಲ್ಲ. ಪರದೇಶದವರು ನಮ್ಮ ಮಲೆನಾಡಿನ ಮೂಲೆಯ ಕಿಗ್ಗದವರೆಗೂ ಬಂದು ನಮ್ಮ ಮದುವೆ, ನಮ್ಮ ಸೂತಕ, ನಮ್ಮ ಗಂಜಿ ಎಲ್ಲವನ್ನೂ ಬರೆದುಕೊಂಡು ಹೋಗುತ್ತಾರೆ. ನಿಮ್ಮೂರಲ್ಲಿ ಮದುವೆ ಆಗುವುದಿಲ್ಲವೇ ಎಂದು ಅವರನ್ನು ಯಾರೂ ವಾಪಸ್ಸು ಕಳಿಸಿಲ್ಲ. ಕಾಫಿ ಕೊಟ್ಟು ಕೂರಿಸುತ್ತಾರೆ.

"ನನ್ನ ಫ್ರೆಂಡ್ ಮನೆ ಸುತ್ತನೂ ತೋಟ ಇದೆ ಸರ್," ಎಂದೆ. "ನಿಮ್ಮನೆಯವರ ಮೇಲೇ ಮಾಡು ಅಂತ ಅವಳಿಗೆ ಯಾಕೆ ಹೇಳ್ಲಿಲ್ಲ?"

ಅವರಿಗೆ ನಿಜಕ್ಕೂ ಆಶ್ಚರ್ಯವಾಯಿತು. ಅದರಲ್ಲಿ ಕಪಟವೇನೂ ಇರಲಿಲ್ಲ.

"ಅವ್ರ ಮನೇಲಿ ಸಂಶೋಧನೆ ಮಾಡೋವಂಥದ್ದು ಎಂತ ಇದೆ?"

ಸೀಟು ಬೇಡ ಎಂದು ಎದ್ದು ಬಂದೆ. ಅಮ್ಮ ಮೈ ಮುರಿದು ನನ್ನನ್ನು ಓದಿಸಿದ್ದು, ಕೊನೆಗೆ ಅವಳನ್ನೇ ತಂದು ಇವರ ಮೇಜಿನ ಮೇಲೆ ಹರವಲಿ ಎಂದಲ್ಲ.