ಅಕ್ಕ ಉಂಡಿರಲಿಲ್ಲ, ನನಗೆ ಗೊತ್ತಿತ್ತು

ಗುರುಬಾಯಿ ಅಕ್ಕ ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿದ್ದಳು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಡಾಕ್ಟರು ಕೇಳಿದಾಗ, ಆಕೆ ಚೆನ್ನಾಗಿಯೇ ಉಣ್ಣುತ್ತಾಳೆ ಎಂದು ಹೇಳಿದೆ. ಎರಡು ಪದದ ಸುಳ್ಳು. ಅದನ್ನು ಒಳಗಿಟ್ಟುಕೊಂಡು ಹತ್ತು ವರ್ಷ ಬದುಕಿದ್ದೇನೆ — ಸುಖವಾಗಿಯೇ ಬದುಕಿದ್ದೇನೆ, ಅದನ್ನೂ ಮುಚ್ಚಿಡುವುದಿಲ್ಲ.

ಆಗ ನನಗೆ ಇಪ್ಪತ್ತೊಂದು. ಆಳಂದದ ಕಡೆಯ ಹಳ್ಳಿಯಿಂದ ಹೈದರಾಬಾದಿಗೆ ಬಂದು ಕೋಠಿಯ ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಗುರುಬಾಯಿ ಅಕ್ಕ ನನಗೆ ರಕ್ತಸಂಬಂಧಿಯಲ್ಲ. ಯಾದಗಿರಿ ಕಡೆಯವಳು, ವಯಸ್ಸು ನಲವತ್ತೈದರ ಆಸುಪಾಸು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಬೇಗಂಪೇಟೆಯ ಒಂದು ಆಫೀಸಿನಲ್ಲಿ ಕಸ ಹೊಡೆದು ನೆಲ ಒರೆಸುತ್ತಿದ್ದಳು. ರೈಲ್ವೆ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಆಕೆಯದೊಂದು ಕೋಣೆ. ಪರಿಚಯದವರೊಬ್ಬರು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಬಿಟ್ಟರು. ಬಾಡಿಗೆಯಲ್ಲಿ ಪಾಲು, ಒಲೆಯಲ್ಲಿ ಪಾಲು.

ಇಬ್ಬರ ಸಂಬಳವೂ ಚಿಕ್ಕದು. ಆದರೂ ನಾವು ಕೆಟ್ಟದ್ದು ಉಣ್ಣಲಿಲ್ಲ. ಕಡಿಮೆಯಲ್ಲಿ ರುಚಿಯಾಗಿ ಉಣ್ಣುವುದು ಹೇಗೆಂದು ಅಕ್ಕನಿಗೆ ಚೆನ್ನಾಗಿ ತಿಳಿದಿತ್ತು. ಭಾನುವಾರ ಸಂಜೆ ಸಿಕಂದರಾಬಾದಿನ ಮೋಂಡಾ ಮಾರ್ಕೆಟ್ಟಿಗೆ ಹೊರಡುತ್ತಿದ್ದೆವು. ವ್ಯಾಪಾರದವರು ರಾಶಿ ಬಾಚಿ ಗೋಣಿ ಮಡಚುವ ಹೊತ್ತಿಗೆ ಸರಿಯಾಗಿ. ಅಲ್ಲಿಯವರು ಗೋಂಗೂರ ಅನ್ನುವ ಪುಂಡಿಪಲ್ಯ ಆಗ ಅರ್ಧಕ್ಕರ್ಧ ಬೆಲೆಗೆ ಸಿಗುತ್ತಿತ್ತು. ಕಟ್ಟನ್ನು ಕೈಯಲ್ಲಿ ತಿರುಗಿಸಿ ನೋಡುತ್ತ ಅಕ್ಕ ಹೇಳುತ್ತಿದ್ದಳು:

"ಬಾಡಿದ್ದು ನೀರು ಕಂಡ್ರ ಎದ್ದು ಕುಂದರತೈತಿ. ಕೊಳತದ್ದು ಏಳಂಗಿಲ್ಲ. ಅಷ್ಟ ನೋಡಿ ತಗೋಬೇಕು ನೋಡವ್ವಾ."

ಕಿರಾಣಿ ಅಂಗಡಿಯಲ್ಲಿ ಜರಡಿ ಹಿಡಿದು ಉಳಿದ ಒಡಕು ಬೇಳೆ, ನುಚ್ಚಕ್ಕಿ, ಮೆತ್ತಗಾದ ಟೊಮೆಟೊ. ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಒಂದು ಡಬ್ಬಿ ಕುಟ್ಟಿಟ್ಟರೆ ತಿಂಗಳು ಬರುತ್ತಿತ್ತು. ಇದೆಲ್ಲದಕ್ಕೂ ಆಧಾರ ಜೋಳ. ವರ್ಷಕ್ಕೆ ಎರಡು ಸಲ ಅಕ್ಕನ ತಮ್ಮ ಊರಿಂದ ಬಸ್ಸಿನ ಮೇಲೆ ಒಂದೊಂದು ಚೀಲ ಹಾಕಿ ಕಳಿಸುತ್ತಿದ್ದ. ಅಕ್ಕ ರೊಟ್ಟಿ ಬಡಿಯುವ ಸದ್ದಿಗೆ ಪಕ್ಕದ ಕೋಣೆಯ ತೆಲುಗಿನ ಹೆಂಗಸರೂ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಹಾಳೆಯಂಥ ರೊಟ್ಟಿ. ಅದು ಆಕೆಯ ಹೆಮ್ಮೆ.

ಆ ವರ್ಷ ತಮ್ಮನ ಮಗಳ ಮದುವೆಯಾಯಿತು. ಮನೆಯ ಜೋಳವೆಲ್ಲ ಮದುವೆಗೇ ಹೋಗಿ ನಮ್ಮ ಚೀಲ ಬರಲಿಲ್ಲ. ಹಿಟ್ಟಿನ ಡಬ್ಬಿ ತಳ ಕಾಣತೊಡಗಿತು, ಜೋಳ ಕಿಲೋ ಲೆಕ್ಕದಲ್ಲಿ ಕೊಳ್ಳಬೇಕಾಯಿತು. ಒಂದು ಬೆಳಿಗ್ಗೆ ಅಕ್ಕ ಹಗುರವಾಗಿ ಹೇಳಿದಳು:

"ನಮ್ ಆಫೀಸ್ನ್ಯಾಗ ಮಧ್ಯಾಹ್ನ ಊಟ ಕೊಡಾಕತ್ತಾರ. ನನಗ ಇನ್ನ ಡಬ್ಬಿ ಬ್ಯಾಡ. ನಿನಗ ಮೂರು ರೊಟ್ಟಿ ಕಟ್ಟತೀನಿ."

ನನ್ನ ಮೊದಲ ತಪ್ಪು ಆ ಬೆಳಿಗ್ಗೆಯದು. ನಿಜವಾಗಿ ಊಟ ಕೊಡತೊಡಗಿದ್ದು ನಮ್ಮ ಅಂಗಡಿಯಲ್ಲಿ; ಆಕೆಯ ಮಾತು ಸುಳ್ಳೆಂದು ಆಗ ನನಗೆ ಗೊತ್ತಿರಲಿಲ್ಲ. ಮಾಲೀಕರ ಮನೆಯಿಂದ ಕೆಲಸದವರಿಗೆಲ್ಲ ಮಧ್ಯಾಹ್ನ ಅನ್ನ, ಸಾಂಬಾರು, ಒಂದು ಪಲ್ಯ ಬರತೊಡಗಿ ಆಗಲೇ ಹದಿನೈದು ದಿನವಾಗಿತ್ತು. ನಾನು ಅಕ್ಕನಿಗೆ ಹೇಳಿರಲಿಲ್ಲ. ಆ ಬೆಳಿಗ್ಗೆಯೂ ಹೇಳಲಿಲ್ಲ. ಮೂರು ರೊಟ್ಟಿಯ ಡಬ್ಬಿ ತೆಗೆದುಕೊಂಡು ಹೋದೆ. ಮಧ್ಯಾಹ್ನ ಅಂಗಡಿಯ ಅನ್ನ ಉಂಡೆ, ಸಂಜೆ ಐದಕ್ಕೆ ಚಹಾದ ಜೊತೆ ರೊಟ್ಟಿ ತಿಂದೆ.

ಯಾಕೆ? ಹಸಿವಿಗಲ್ಲ. ಮನೆಯಲ್ಲಿ ಐದು ಹೆಣ್ಣುಮಕ್ಕಳಲ್ಲಿ ನಾನು ನಾಲ್ಕನೆಯವಳು. ನನಗೆಂದು ಯಾರೂ ಮೊದಲು ತಟ್ಟೆ ಹಾಕಿದ್ದಿಲ್ಲ. ಇಲ್ಲಿ ಒಬ್ಬಳು ಬೆಳಗಾಗೆದ್ದು, ನನ್ನ ಹೆಸರಲ್ಲಿ ರೊಟ್ಟಿ ಬಡಿದು, ಬಟ್ಟೆಯಲ್ಲಿ ಸುತ್ತಿ, ಬಿಸಿಯಿರುವಾಗಲೇ ಕೈಗೆ ಕೊಡುತ್ತಿದ್ದಳು. ಹೇಳಿದರೆ ಅದು ನಿಂತುಹೋಗುತ್ತಿತ್ತು — ಅದು ನಿಲ್ಲುವುದು ನನಗೆ ಬೇಕಿರಲಿಲ್ಲ. ಇದು ಕಾರಣ, ಅಷ್ಟೆ. ಸಮರ್ಥನೆ ಎಂದು ಯಾರೂ ಓದಬೇಡಿ.

ಸುಮಾರು ಒಂದು ತಿಂಗಳ ಮೇಲೆ ಒಂದು ದಿನ ಅಂಗಡಿಗೆ ಮಧ್ಯಾಹ್ನವೇ ಬಾಗಿಲು ಹಾಕಿದರು. ಕೋಣೆಯ ಬೀಗದಕೈ ನನ್ನ ಹತ್ತಿರ ಇರಲಿಲ್ಲ. ಕೇಳಿ ತರೋಣವೆಂದು ಅಕ್ಕನ ಆಫೀಸಿಗೆ ಹೋದೆ. ಗೇಟಿನಲ್ಲಿದ್ದ ವಾಚ್‌ಮನ್ ನಗುತ್ತ, ಹಿಂದಿನ ಮೆಟ್ಟಿಲ ಹತ್ತಿರ ನೋಡು, ಎಲ್ಲರೂ ಉಣ್ಣುವ ಹೊತ್ತಿಗೆ ಅವಳು ಅಲ್ಲೇ ಕೂತಿರುತ್ತಾಳೆ, ದಿನಕ್ಕೊಂದು ದೇವರ ಉಪವಾಸವಂತೆ, ಎಂದ.

ಮೂಲೆ ತಿರುಗಿದೆ. ಉಳಿದ ಹೆಂಗಸರು ನೆರಳಿನಲ್ಲಿ ಡಬ್ಬಿ ಬಿಚ್ಚಿ ಉಣ್ಣುತ್ತಿದ್ದರು. ಅಕ್ಕ ಅವರಿಂದ ದೂರ, ಮೆಟ್ಟಿಲ ಮೇಲೆ, ನೀರಿನ ಬಾಟಲಿ ಹಿಡಿದು ಕೂತಿದ್ದಳು. ಗುಟುಕು ಗುಟುಕಾಗಿ ಕುಡಿಯುತ್ತಿದ್ದಳು. ಯಾರೋ ಏನೋ ಕೊಡಲು ಬಂದರೆ ಬೇಡವೆಂದು ಕೈ ಆಡಿಸಿ ನಕ್ಕಳು.

ನಾನು ಕರೆಯಲಿಲ್ಲ. ಬಂದ ದಾರಿಯಲ್ಲೇ ತಿರುಗಿ ಹೋಗಿ ಸ್ಟೇಷನ್ನಿನ ಬೆಂಚಿನ ಮೇಲೆ ಕೂತೆ. ಸಂಜೆ ಹೇಳಬೇಕು, ಎಲ್ಲ ಹೇಳಬೇಕು ಅಂದುಕೊಂಡೆ. ಸಂಜೆ ಅಕ್ಕ ಬಂದಳು, ಕೈಕಾಲು ತೊಳೆದು ಒಲೆ ಹಚ್ಚಿದಳು, ನನ್ನ ತಟ್ಟೆಗೆ ಮೂರು ರೊಟ್ಟಿ ಹಾಕಿದಳು.

"ಮಧ್ಯಾಹ್ನ ಭಾಳ ಉಂಡೀನಿ. ನನಗ ಒಂದ ಸಾಕು. ನೀ ಉಣ್ಣು."

ಪುಂಡಿಪಲ್ಯದ ಒಗ್ಗರಣೆಯ ವಾಸನೆ ಬರುತ್ತಿತ್ತು. "ಹೂನಕ್ಕಾ" ಎಂದೆ. ಮೂರೂ ರೊಟ್ಟಿ ಉಂಡೆ. ಮರುದಿನವೂ ಉಂಡೆ. ಎರಡು ತಿಂಗಳು ಹೀಗೇ.

ಆಮೇಲೆ ಒಂದು ಮುಂಜಾನೆ ಅಕ್ಕ ಆಫೀಸಿನ ಅದೇ ಮೆಟ್ಟಿಲ ಮೇಲೆ, ಕೈಯಲ್ಲಿ ನೀರಿನ ಬಕೆಟ್ ಇದ್ದಾಗ ತಲೆಸುತ್ತಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ನಾನು ಸರಕಾರಿ ಆಸ್ಪತ್ರೆಗೆ ಓಡಿದೆ. ಡಾಕ್ಟರಮ್ಮ ಕಣ್ಣು, ಉಗುರು ನೋಡಿ, ಮೈಯಲ್ಲಿ ರಕ್ತವೇ ಇಲ್ಲವಲ್ಲ, ಊಟ ಮಾಡುತ್ತೀಯೋ ಇಲ್ಲವೋ ಎಂದು ಕೇಳಿದರು.

"ಉಣ್ತೀನ್ರೀ. ಬೇಕಾದ್ರ ಈಕೀನ ಕೇಳ್ರಿ" ಎಂದಳು ಅಕ್ಕ.

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. ಸರಿಯಾಗಿ ಉಣ್ಣುತ್ತಾಳಾ ಎಂದು ತೆಲುಗಿನಲ್ಲಿ ಕೇಳಿದರು: "ಮಂಚಿಗ ತಿಂಟದಾ?"

ಆಗ ನಿಜ ಹೇಳಿದರೆ, ನಿನಗೆ ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ ಎಂಬ ಪ್ರಶ್ನೆ ಬರುತ್ತಿತ್ತು.

"ಮಂಚಿಗ ತಿಂಟದಿ" ಎಂದೆ.

ಅವರು ನಂಬಿದರು. ಹಾಗಾದರೆ ಬೇರೆ ಏನೋ ಇರಬೇಕೆಂದು ರಕ್ತಪರೀಕ್ಷೆ, ಇನ್ನೊಂದು ಪರೀಕ್ಷೆ, ಮೂರು ಬಗೆಯ ಮಾತ್ರೆ. ಇಲ್ಲದ ರೋಗಕ್ಕಾಗಿ ಅಕ್ಕ ಸಾಲಿನಲ್ಲಿ ನಿಂತಳು, ಕೊರಳಿಗೆ ಕೈ ಕಟ್ಟಿಕೊಂಡು.

ಮರುದಿನದಿಂದ ಅಡಿಗೆ ನನ್ನದಾಯಿತು. ಅಂಗಡಿಯಲ್ಲಿ ಈ ವಾರದಿಂದ ಊಟ ಕೊಡುತ್ತಾರೆ ಎಂದೆ — ನೋಡಿ, ಅಲ್ಲಿಯೂ ಸುಳ್ಳು. ನನ್ನ ಡಬ್ಬಿಯ ರೊಟ್ಟಿ ಅಕ್ಕನ ತಟ್ಟೆಗೆ ಬಂತು. ಒಡಕು ಬೇಳೆಯನ್ನು ಗಟ್ಟಿಯಾಗಿ ಕುದಿಸಿದೆ, ಸೊಪ್ಪು ಎರಡು ಹೊತ್ತೂ ಮಾಡಿದೆ. ನೋವಿನಲ್ಲಿ ಆಕೆ ತುತ್ತು ಎತ್ತಲಾಗದಿದ್ದಾಗ ನಾನೇ ಬಾಯಿಗಿಟ್ಟೆ. ಎರಡು ತಿಂಗಳಲ್ಲಿ ಮುಖಕ್ಕೆ ಕಳೆ ಬಂತು. ಮಾತ್ರೆ ಚೆನ್ನಾಗಿ ಹಿಡಿದಿದೆ ಎಂದರು ಡಾಕ್ಟರಮ್ಮ.

ಕೈ ಕೂಡಿಕೊಂಡಿತು, ಆದರೆ ಮಣಿಕಟ್ಟು ಮೊದಲಿನಂತೆ ತಿರುಗಲಿಲ್ಲ. ಅಕ್ಕ ಆಮೇಲೆ ರೊಟ್ಟಿ ಬಡಿಯಲಿಲ್ಲ. ಒಂದೆರಡು ಸಲ ಕೂತು ನೋಡಿದಳು, ಹರಿದುಹೋದ ಹಿಟ್ಟನ್ನು ಮುದ್ದೆ ಮಾಡಿ ನಾದುವ ಪರಾತಕ್ಕೆ ಹಾಕಿ ಎದ್ದಳು.

ಈಗ ನನಗೆ ಮದುವೆಯಾಗಿದೆ, ಮಗಳಿದ್ದಾಳೆ. ಅಕ್ಕ ನಮ್ಮ ಜೊತೆಗೇ ಇದ್ದಾಳೆ. ಅದೇ ಗಲ್ಲಿಯಲ್ಲಿ ಎರಡು ಕೋಣೆಯ ಮನೆ, ನಾನು ಬಡಿದ ದಪ್ಪ ರೊಟ್ಟಿ, ಈಗಲೂ ಭಾನುವಾರ ಸಂಜೆಯ ಮಾರ್ಕೆಟ್ಟು. ಕೈ ಬಿಗಿಹಿಡಿದೇ ಸಂಸಾರ, ಆದರೆ ಯಾರೂ ಹಸಿದು ಮಲಗುವುದಿಲ್ಲ. ಇದಕ್ಕಿಂತ ಹೆಚ್ಚೇನೂ ನನಗೆ ಬೇಕೆನಿಸಿಲ್ಲ.

ಹೋದ ತಿಂಗಳು ಮಾರ್ಕೆಟ್ಟಿನಿಂದ ಬಂದು ಮೂವರೂ ಸೊಪ್ಪು ಸೋಸುತ್ತಿದ್ದೆವು. ಅಕ್ಕ ನನ್ನ ಮಗಳಿಗೆ ಹೇಳಿದಳು: "ಕೈ ಮುರಕೊಂಡಾಗ ನಿಮ್ಮವ್ವ ನನ್ನ ಬಾಯಾಗ ತುತ್ತು ಇಟ್ಟಾಳ. ಹೊಟ್ಟ್ಯಾಗ ಹುಟ್ಟಿದವ್ರೂ ಹಂಗ ಮಾಡಂಗಿಲ್ಲ."

ಮಗಳು ನನ್ನನ್ನು ಹೆಮ್ಮೆಯಿಂದ ನೋಡಿದಳು. ಆ ನೋಟ ನನಗೆ ತಡೆಯಲಾಗಲಿಲ್ಲ. ಅವಳನ್ನು ಹೊರಗೆ ಆಡಲು ಕಳಿಸಿ ಅಕ್ಕನಿಗೆ ಎಲ್ಲ ಹೇಳಿದೆ. ಅಂಗಡಿಯ ಊಟ, ಮೆಟ್ಟಿಲು, ಡಾಕ್ಟರಮ್ಮನ ಮುಂದೆ ಆಡಿದ ಮಾತು.

ಆಕೆಗೆ ಏನೂ ಗೊತ್ತಿರಲಿಲ್ಲ. ಸೊಪ್ಪಿನ ಮೇಲಿದ್ದ ಕೈ ನಿಂತಿತು. ಸೊಪ್ಪು ಬದಿಗೆ ಸರಿಸಿ ಕೇಳಿದಳು:

"ನನ್ನ ನೋಡಿ ಬಂದಿಯಲ್ಲ, ಆವತ್ತ ಸಂಜೀಕ... ರೊಟ್ಟಿ ರುಚಿ ಹತ್ತಿತ್ತೇನ ನಿನಗ?"

ಇನ್ನು ಸುಳ್ಳು ಬೇಡವಾಗಿತ್ತು. "ಹತ್ತಿತ್ತಕ್ಕಾ" ಎಂದೆ.

ಅಕ್ಕ ತಲೆಯಾಡಿಸಿದಳು. "ನೀ ಉಂಡಿದ್ದಕ್ಕ ನನಗ ಸಿಟ್ಟಿಲ್ಲ. ನಾನ ಹಾಕೀನಿ, ನೀ ಉಂಡಿ. ಖರೇ, ನಾ ಸುಳ್ಳು ಹೇಳಾಕತ್ತೀನಿ ಅಂತ ಗೊತ್ತಿತ್ತಲ್ಲ — ಒಂದ್ ಸಲರ ನನ್ನ ಬೈಬೇಕಿತ್ತವ್ವಾ ನೀ. ನನಗ ಬಯ್ಯೋರು ಮತ್ತ ಯಾರಿದ್ರು?"

ಎರಡು ದಿನ ಆಕೆ ನನ್ನೊಂದಿಗೆ ಹೆಚ್ಚು ಮಾತಾಡಲಿಲ್ಲ. ಮೂರನೆಯ ದಿನ ಪಲ್ಯಕ್ಕೆ ಉಪ್ಪು ಕಮ್ಮಿ ಎಂದಳು.

ಈಗ ದಿನಾ ಮಧ್ಯಾಹ್ನ ಅಂಗಡಿಯಿಂದ ಅಕ್ಕನಿಗೆ ಫೋನು ಮಾಡುತ್ತೇನೆ. ಉಂಡೆಯಾ ಎಂದು ಕೇಳುವುದಿಲ್ಲ. ಏನುಂಡೆ, ಎಷ್ಟು ಉಂಡೆ ಎಂದು ಕೇಳುತ್ತೇನೆ. ನಿನ್ನೆ ಆಕೆ ಉಂಡೆ ಎಂದಳು, ಮನೆಗೆ ಬಂದು ನೋಡಿದರೆ ಅನ್ನ ಮುಚ್ಚಿಟ್ಟ ಹಾಗೇ ಇತ್ತು. ಬೈದೆ. ಅಕ್ಕಪಕ್ಕದವರಿಗೆ ಕೇಳುವಷ್ಟು ಜೋರಾಗಿ ಬೈದೆ. ಅಕ್ಕ ಮರುಮಾತಿಲ್ಲದೆ ತಟ್ಟೆ ಎಳೆದುಕೊಂಡಳು. ಆಕೆ ಕೈ ತೊಳೆಯುವ ತನಕ ನಾನು ಎದುರಿಗೇ ಕೂತಿದ್ದೆ.